ಜಪ್ತಿಯಾದ ಗದ್ದೆಗಳ ಊರಿನಲ್ಲಿ ದೇಶಪ್ರೇಮದ ಮಾತು

(ಸ್ವಾತಂತ್ರ್ಯೋತ್ಸವದ ಪ್ರಯುಕ್ತ ಅಂಕೋಲೆಯಲ್ಲಿ ನಡೆದ ಸೌಹಾರ್ದ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಈ ಸಭೆಗೆ ನಮ್ಮನ್ನು ಕರೆದವರು 'ದೇಶಪ್ರೇಮ' ಎಂಬ ವಿಷಯವನ್ನು ಕೊಟ್ಟಿದ್ದಾರೆ. ವಿಷಯ ಹಳೆಯದು. ವರ್ಷಕ್ಕೆರಡು ಬಾರಿ, ಜನವರಿಯಲ್ಲೊಮ್ಮೆ ಆಗಸ್ಟ್‌ನಲ್ಲೊಮ್ಮೆ, ನಾವೆಲ್ಲರೂ ಇದರ ಬಗ್ಗೆ ಮಾತನಾಡುತ್ತೇವೆ, ಸಿಹಿ ಹಂಚುತ್ತೇವೆ, ಮನೆಗೆ ಹೋಗುತ್ತೇವೆ. ಈ ಸಲವೂ ಹಾಗೆಯೇ ಮುಗಿಸಿಬಿಡಬಹುದಿತ್ತು. ಆದರೆ ಕಳೆದ ವಾರ ಡಿಪ್ಲೊಮಾ ಮುಗಿಸಿದ ಯುವಕನೊಬ್ಬ ನಮ್ಮ ಮನೆಗೆ ಬಂದಿದ್ದ. ಗಲ್ಫ್‌ಗೆ ಹೊರಟಿದ್ದಾನೆ. ಹೊರಡುವ ಮುನ್ನ ಹಿರಿಯರನ್ನು ಕಂಡುಹೋಗುವ ಪದ್ಧತಿಯಂತೆ ಬಂದಿದ್ದನೇ ಹೊರತು ಚರ್ಚೆಗೆಂದು ಬಂದವನಲ್ಲ. ಚಹಾ ಕುಡಿಯುತ್ತಾ ಇದ್ದಕ್ಕಿದ್ದಂತೆ ಕೇಳಿದ: "ಚಾಚಾ, ಕೆಲಸ ಕಲಿಯುತ್ತಿದ್ದ ಕಡೆ ದಿನಕ್ಕೊಬ್ಬರು ನನ್ನ ದೇಶಪ್ರೇಮವನ್ನು ಪರೀಕ್ಷಿಸುತ್ತಿದ್ದರು. ಘೋಷಣೆ ಕೂಗು ಎನ್ನುತ್ತಿದ್ದರು. ಕೂಗಿದರೆ ಇನ್ನೂ ಜೋರಾಗಿ ಕೂಗು ಎನ್ನುತ್ತಿದ್ದರು. ಎಷ್ಟು ಜೋರಾಗಿ ಕೂಗಿದರೆ ಸಾಕು? ಅಮೇರಿಕದವರನ್ನು ನೋಡಿ, ಯಾವ ದೇಶದಿಂದ ಹೋದವನೂ ಅಲ್ಲಿ ಧ್ವಜ ಹಿಡಿದು ನಾನು ಅಮೇರಿಕನ್ ಎನ್ನುತ್ತಾನೆ, ಮುಗಿಯಿತು. ನಮಗೆ ಮಾತ್ರ ಯಾಕೆ ಇದು ಮುಗಿಯುವುದೇ ಇಲ್ಲ?"

ಆ ದಿನ ನಮ್ಮ ಬಳಿ ಉತ್ತರವಿರಲಿಲ್ಲ. 'ಸಹನೆಯಿಂದಿರು ಮಗಾ' ಎಂದಷ್ಟೇ ಹೇಳಿ ಕಳುಹಿಸಿದೆವು. ಹಿರಿಯರಾದವರು ಉತ್ತರ ಗೊತ್ತಿಲ್ಲದಾಗ ಹೇಳುವ ಮಾತು ಅದು. ಇಂದು ಇಲ್ಲಿ ಹೇಳುವುದು ಅವನಿಗೆ ಅಂದು ಹೇಳಬೇಕಾಗಿದ್ದ ಮಾತು.

ಮೊದಲು ಅವನು ಹೇಳಿದ ಅಮೇರಿಕದಿಂದಲೇ ಆರಂಭಿಸೋಣ. ಅಲ್ಲಿಯೂ ಅದು ಅಷ್ಟು ಸುಲಭವಾಗಿ ಮುಗಿದಿಲ್ಲ. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಒಂದು ಆದೇಶದ ಬಲದಿಂದ ಸುಮಾರು 1,20,000 ಜಪಾನಿ ಮೂಲದ ಜನರನ್ನು ಮನೆ, ಹೊಲ, ಅಂಗಡಿ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಹೆಚ್ಚಿನವರು ಅಮೇರಿಕದಲ್ಲೇ ಹುಟ್ಟಿದ, ಅಲ್ಲಿನ ಪೌರತ್ವವಿದ್ದ ಜನ. ಅದೇ ಶಿಬಿರಗಳಿಂದ ಹೊರಟ ಯುವಕರು ಅಮೇರಿಕದ ಸೈನ್ಯ ಸೇರಿ ಯುರೋಪಿನಲ್ಲಿ ಹೋರಾಡಿ ಪ್ರಾಣ ಕೊಟ್ಟರು. ತಂದೆ-ತಾಯಿ ಮುಳ್ಳುತಂತಿಯೊಳಗೆ, ಮಗ ರಣರಂಗದಲ್ಲಿ! ಸರಕಾರ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದ್ದು, ಬದುಕುಳಿದವರಿಗೆ ತಲಾ 20,000 ಡಾಲರ್ ಕೊಡಲು ಕಾನೂನು ಮಾಡಿದ್ದು 1988ರಲ್ಲಿ. ನಲವತ್ತಾರು ವರ್ಷಗಳ ನಂತರ.

2001ರ ಸೆಪ್ಟೆಂಬರ್ 11ರ ದುರಂತದ ನಂತರ ಅಲ್ಲಿ ಮನೆಮನೆಯ ಮುಂದೆ ಧ್ವಜ ಹಾರಾಡಿತು. ನಾಲ್ಕೇ ದಿನಗಳಲ್ಲಿ, ಸೆಪ್ಟೆಂಬರ್ 15ರಂದು, ಅರಿಜೋನಾ ರಾಜ್ಯದ ಮೆಸಾ ನಗರದಲ್ಲಿ ಬಲ್ಬೀರ್ ಸಿಂಗ್ ಸೋಧಿ ಎಂಬ ಸಿಖ್ಖರನ್ನು ಅವರ ಪೆಟ್ರೋಲ್ ಬಂಕಿನ ಮುಂದೆಯೇ ಗುಂಡಿಕ್ಕಿ ಕೊಲ್ಲಲಾಯಿತು. ತಲೆಗೆ ಪೇಟ ಸುತ್ತಿದ್ದರು, ಗಡ್ಡವಿತ್ತು. ಕೊಂದವನು ಬಂಧನದ ವೇಳೆ ಕೂಗಿದ್ದು 'ನಾನು ದೇಶಭಕ್ತ' ಎಂದು. ಘೋಷಣೆಯ ಜೋರಿನಿಂದ ದೇಶಪ್ರೇಮವನ್ನು ಅಳೆಯುವುದಾದರೆ ಆ ಕೊಲೆಗಾರನಿಗೆ ಮೊದಲ ಬಹುಮಾನ ಕೊಡಬೇಕಾಗುತ್ತದೆ.

ಮುಹಮ್ಮದಲಿಯ ಹೆಸರು ಇಲ್ಲಿ ಕೇಳದವರಿಲ್ಲ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರಲು ನಿರಾಕರಿಸಿದಾಗ ಅವರ ವಿಶ್ವ ಚಾಂಪಿಯನ್ ಪಟ್ಟವನ್ನು ಕಿತ್ತುಕೊಳ್ಳಲಾಯಿತು, ಐದು ವರ್ಷಗಳ ಸಜೆ ವಿಧಿಸಲಾಯಿತು, ಹೆಚ್ಚೂಕಡಿಮೆ ಮೂರೂವರೆ ವರ್ಷ ಅವರು ಬಾಕ್ಸಿಂಗ್ ಅಂಗಣಕ್ಕಿಳಿಯುವಂತಿರಲಿಲ್ಲ. ದೇಶದ್ರೋಹಿ ಎಂದು ಕರೆಯದವರೇ ಕಡಿಮೆ. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದುಗೊಳಿಸಿತು. 2005ರಲ್ಲಿ ಅದೇ ದೇಶ ಅವರಿಗೆ ತನ್ನ ಅತ್ಯುನ್ನತ ನಾಗರಿಕ ಪದಕವನ್ನು ತೊಡಿಸಿತು. ಬದಲಾದದ್ದು ದೇಶದ ಅಳತೆಗೋಲು. ಅಲಿ ತಮ್ಮ ನಿಲುವಿನಿಂದ ಕದಲಿರಲಿಲ್ಲ.

ಅಮೇರಿಕದ ಮಾತು ಸಾಕು. ಅಷ್ಟು ದೂರ ಹೋಗಬೇಕಾದ ಅಗತ್ಯವಾದರೂ ಏನಿದೆ? ದೇಶಪ್ರೇಮವೆಂದರೇನು, ಕಷ್ಟದಲ್ಲಿ ಭರವಸೆ ಕಳೆದುಕೊಳ್ಳದೆ ಇರುವುದು ಹೇಗೆ ಎಂಬುದಕ್ಕೆ ನಾವು ನಿಂತಿರುವ ಈ ಅಂಕೋಲೆಗಿಂತ ದೊಡ್ಡ ಶಾಲೆ ಕರ್ನಾಟಕದಲ್ಲಿಲ್ಲ. ಇದನ್ನು 'ಕರ್ನಾಟಕದ ಬಾರ್ಡೋಲಿ' ಎಂದು ಕರೆದರು. ಬಿರುದು ಎಲ್ಲರಿಗೂ ಗೊತ್ತು. ಬಿರುದಿನ ಹಿಂದೆ ಏನಿತ್ತು ಎಂದು ಕೇಳಿದರೆ ನಮ್ಮ ಮಕ್ಕಳಿಗಿರಲಿ, ನಮಗೂ ಸರಿಯಾಗಿ ಗೊತ್ತಿಲ್ಲ.

1930ರ ಏಪ್ರಿಲ್ 6ರಂದು ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದರು. ಒಂದು ವಾರದ ನಂತರ, ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆ ಉಪ್ಪಿನ ಕಾನೂನನ್ನು ಮುರಿಯಿತು. ಏಪ್ರಿಲ್ 13 ಎಂದರೆ 1919ರ ಜಲಿಯನ್‌ವಾಲಾ ಬಾಗ್‌ನ ದಿನ. ಸತ್ಯಪಾಲ್ ಮತ್ತು ಸೈಫುದ್ದೀನ್ ಕಿಚ್ಲೂ ಎಂಬ ಇಬ್ಬರು ನಾಯಕರ ಬಂಧನವನ್ನು ಪ್ರತಿಭಟಿಸಿದ ಅಮೃತಸರದ ಜನರ ಮೇಲೆ ಗುಂಡು ಹಾರಿದ ದಿನ. ಅಂಕೋಲೆಯಲ್ಲಿ ಅಂದು ಸೇರಿದ ಸಾವಿರಾರು ಮಂದಿಯ ಕಣ್ಣೆದುರು ಸಮುದ್ರದ ನೀರನ್ನು ಕಾಯಿಸಿ ಉಪ್ಪು ತೆಗೆದರು, ಹರಾಜು ಹಾಕಿದರು. ಮೊದಲ ಪೊಟ್ಟಣವನ್ನು ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಕೊಂಡರು. ಆಗ ಒಂದು ಮಣ ಉಪ್ಪಿಗೆ ಸರಕಾರದ ತೆರಿಗೆ ಒಂದೂಕಾಲು ರೂಪಾಯಿ. ಲೆಕ್ಕ ಹಾಕಿ: ಇಪ್ಪತ್ತನಾಲ್ಕು ಮಣ ಉಪ್ಪಿನ ಮೇಲಿನ ತೆರಿಗೆಯಷ್ಟು ಹಣವನ್ನು ಒಂದು ಪೊಟ್ಟಣಕ್ಕೆ ಕೊಟ್ಟರು, ತೆರಿಗೆ ಕೊಡುವುದಿಲ್ಲವೆಂದು ತೋರಿಸಲಿಕ್ಕಾಗಿ! ವ್ಯಾಪಾರ ಬಲ್ಲ ನಮ್ಮ ಸಮುದಾಯಕ್ಕೆ ಈ ಲೆಕ್ಕ ವಿಚಿತ್ರವೆನಿಸಬಹುದು.

ಆದರೆ ಉಪ್ಪು ಆರಂಭ ಮಾತ್ರ. ಉಪ್ಪು ಕಾಯಿಸುವುದರಲ್ಲಿ ಒಂದು ದಿನದ ಉತ್ಸಾಹವಿದೆ, ಜನಸಂದಣಿಯಿದೆ, ಜಯಘೋಷವಿದೆ. ನಿಜವಾದ ಪರೀಕ್ಷೆ ಬಂದಿದ್ದು ಕರನಿರಾಕರಣೆಯಲ್ಲಿ, ಅಂದರೆ ಭೂಕಂದಾಯ ಕೊಡುವುದಿಲ್ಲ ಎಂದು ರೈತ ತನ್ನ ಮನೆಯ ಜಗಲಿಯ ಮೇಲೆ ಒಬ್ಬನೇ ಕುಳಿತು ತೀರ್ಮಾನಿಸಬೇಕಾದಾಗ. 1929ರಲ್ಲಿ ಅಮೇರಿಕದ ಶೇರುಪೇಟೆ ಕುಸಿದು ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿಗೆ ಸಿಲುಕಿತ್ತು. ನ್ಯೂಯಾರ್ಕಿನಲ್ಲಿ ಎದ್ದ ಗಾಳಿ ಗಂಗಾವಳಿಯ ದಂಡೆಯ ಗದ್ದೆಗೂ ಬಂತು. ಎರಡೇ ವರ್ಷಗಳಲ್ಲಿ ಕೃಷಿ ಉತ್ಪನ್ನಗಳ ಬೆಲೆ ಹೆಚ್ಚೂಕಡಿಮೆ ಅರ್ಧಕ್ಕಿಳಿಯಿತು. ಕಂದಾಯ ಮಾತ್ರ ಇಳಿಯಲಿಲ್ಲ. ಅಂದರೆ ಅದೇ ಕಂದಾಯ ಕಟ್ಟಲು ರೈತ ಎರಡರಷ್ಟು ಭತ್ತ ಮಾರಬೇಕಾಯಿತು. ಹೀಗಾಗಿ ಅಂಕೋಲೆ ಮತ್ತು ಸಿದ್ದಾಪುರದ ರೈತರಿಗೆ ಈ ಹೋರಾಟ ದೇಶದ ಪ್ರಶ್ನೆಯೂ ಆಗಿತ್ತು, ಅನ್ನದ ಪ್ರಶ್ನೆಯೂ ಆಗಿತ್ತು. ಇವೆರಡನ್ನೂ ಬೇರ್ಪಡಿಸಿ ಒಂದನ್ನು ಪವಿತ್ರ, ಇನ್ನೊಂದನ್ನು ಸ್ವಾರ್ಥ ಎನ್ನುವುದು ಹೊಟ್ಟೆ ತುಂಬಿದವರ ತತ್ವಶಾಸ್ತ್ರ.

ಸರಕಾರ ಸುಮ್ಮನಿರಲಿಲ್ಲ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಧಿಕಾರಿಗಳು ಪೋಲೀಸರೊಂದಿಗೆ ಹಳ್ಳಿಗಳಿಗೆ ಬಂದು ಮನೆಯ ಹಂಡೆ ಪಾತ್ರೆಗಳನ್ನೂ ಕೊಟ್ಟಿಗೆಯ ದನ ಎಮ್ಮೆಗಳನ್ನೂ ಜಪ್ತಿ ಮಾಡಿದರು. ಅದಕ್ಕೂ ಬಗ್ಗದಿದ್ದಾಗ ಗದ್ದೆಯನ್ನೇ ಜಪ್ತಿ ಮಾಡಿ ಹರಾಜಿಗಿಟ್ಟರು. ಕಣಗಿಲ, ಸೂರ್ವೆಯಂಥ ಚಿಕ್ಕ ಊರುಗಳ ಹೆಸರು ಹೀಗೆ ಇತಿಹಾಸಕ್ಕೆ ಸೇರಿತು. ಹರಾಜಿನಲ್ಲಿ ಕೂಗುವವನಿದ್ದ, ಕೊಳ್ಳುವವನಿರಲಿಲ್ಲ. ನೆರೆಯವನ ಗದ್ದೆಯನ್ನು ಕಡಿಮೆ ಬೆಲೆಗೆ ಕೊಳ್ಳಬಾರದೆಂಬ ಕಟ್ಟುಪಾಡನ್ನು ಯಾವ ಕಾನೂನೂ ಹೇಳಿರಲಿಲ್ಲ, ಊರು ತಾನೇ ಹಾಕಿಕೊಂಡಿತ್ತು. ಹಾಗೆಂದು ಎಲ್ಲರೂ ದೇವತೆಗಳಾಗಿದ್ದರೆಂದು ನಾವು ಹೇಳುವುದಿಲ್ಲ. ಕೊಂಡವರೂ ಇದ್ದರು. ಆಸೆ ಯಾವ ಕಾಲದಲ್ಲೂ ಇರುತ್ತದೆ. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ 1932ರಲ್ಲಿ ಮಹಿಳೆಯರು ಅಂಥವರ ಮನೆ ಬಾಗಿಲಲ್ಲಿ ಉಪವಾಸ ಕುಳಿತರು. ಓದು ಬರಹ ತಿಳಿಯದ, ಮನೆಯ ಹೊಸಿಲು ದಾಟಿ ಅಭ್ಯಾಸವಿಲ್ಲದ ಹೆಂಗಸರು. ಜೈಲಿಗೂ ಹೋದರು, ಕೆಲವರು ಎಳೆಮಕ್ಕಳನ್ನು ಸೊಂಟದಲ್ಲಿ ಹೊತ್ತು. ಸಮಾಜದ ಕೆಲಸವೆಂದರೆ ಗಂಡಸರದ್ದು ಎಂದು ಇಂದಿಗೂ ನಂಬಿರುವ ನಮ್ಮ ಮನೆಗಳ ಹಿರಿಯರು ಈ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು.

ಇನ್ನು ಕಾಯುವಿಕೆ. 1931ರ ಮಾರ್ಚ್ 5ರಂದು ಗಾಂಧಿ-ಇರ್ವಿನ್ ಒಪ್ಪಂದವಾಯಿತು. ಸೆರೆಯಾಳುಗಳ ಬಿಡುಗಡೆಯಾಯಿತು. ಆದರೆ ಅದಾಗಲೇ ಬೇರೆಯವರಿಗೆ ಮಾರಾಟವಾದ ಜಮೀನು ಹಿಂದಿರುಗುವುದಿಲ್ಲವೆಂದು ಒಪ್ಪಂದವೇ ಹೇಳಿತು. ತಮ್ಮ ನಾಯಕರೇ ಸಹಿ ಹಾಕಿದ ಕಾಗದದಲ್ಲಿ ತಮ್ಮ ಗದ್ದೆಯ ಹೆಸರಿಲ್ಲ! 1932ರ ಜನವರಿಯಲ್ಲಿ ಚಳವಳಿ ಮತ್ತೆ ಆರಂಭವಾದಾಗ ಈ ಊರಿನವರು 'ಒಮ್ಮೆ ಕಳೆದುಕೊಂಡದ್ದು ಸಾಕು' ಎನ್ನಬಹುದಿತ್ತು. ಎನ್ನಲಿಲ್ಲ. ಮತ್ತೆ ಕರ ನಿರಾಕರಿಸಿದರು, ಮತ್ತೆ ಕಳೆದುಕೊಂಡರು. 1934ರಲ್ಲಿ ಗಾಂಧೀಜಿ ಈ ಜಿಲ್ಲೆಗೆ ಬಂದಾಗ ಭೂಮಿ ಹೋಗಿ ವರ್ಷಗಳಾಗಿದ್ದವು, ಚಳವಳಿಯೂ ತಣ್ಣಗಾಗಿತ್ತು. ಗೆದ್ದೆವೆಂದು ಹೇಳುವಂಥದ್ದು ಯಾವುದೂ ಕಣ್ಣಿಗೆ ಕಾಣುತ್ತಿರಲಿಲ್ಲ.

ಈ ನಡುವಿನ ವರ್ಷಗಳ ಬಗ್ಗೆ ನಾವು ಹೆಚ್ಚು ಯೋಚಿಸುತ್ತೇವೆ. ಇತಿಹಾಸದ ಪುಸ್ತಕ 1930, 1932 ಎಂದು ಬರೆದು ಒಮ್ಮೆಲೇ 1937ಕ್ಕೆ ಜಿಗಿಯುತ್ತದೆ. ಆದರೆ ಮನುಷ್ಯ ಹಾಗೆ ಜಿಗಿಯಲಾರ. ಆ ಐದು ಮಳೆಗಾಲಗಳನ್ನು ಒಂದು ಕುಟುಂಬ ಹೇಗೆ ಕಳೆದಿರಬಹುದು? ನಿನ್ನೆ ತನ್ನದಾಗಿದ್ದ ಗದ್ದೆಯಲ್ಲಿ ಬೇರೆಯವನ ಎತ್ತು ಉಳುವುದನ್ನು ನೋಡುತ್ತಾ, ಕೂಲಿಗೆ ಹೋಗುತ್ತಾ, ಮಗಳ ಮದುವೆಯನ್ನು ಮುಂದೂಡುತ್ತಾ. ಗದ್ದೆ ಹಿಂದಕ್ಕೆ ಬರುತ್ತದೆಂದು ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಬ್ರಿಟಿಷ್ ಸಾಮ್ರಾಜ್ಯ ಹದಿನೈದು ವರ್ಷಗಳಲ್ಲಿ ಮುಗಿಯುತ್ತದೆಂದು ಅಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಆಶಾವಾದವೆಂದರೆ ನಾಳೆ ಎಲ್ಲ ಸರಿಯಾಗುತ್ತದೆಂಬ ನಗುಮುಖದ ಮಾತು ಎಂದು ತಿಳಿದವರಿಗೆ ಈ ಜನರ ಮೌನ ಅರ್ಥವಾಗುವುದಿಲ್ಲ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಿ.ಜಿ. ಖೇರರ ಕಾಂಗ್ರೆಸ್ ಸರಕಾರ ಬಂತು. 1938ರಲ್ಲಿ, ಚಳವಳಿಯಲ್ಲಿ ಮುಟ್ಟುಗೋಲಾದ ಜಮೀನುಗಳನ್ನು ಕೊಂಡವರಿಂದ ಪಡೆದು ಮೂಲ ಒಡೆಯರಿಗೆ ಮರಳಿಸುವ ಕಾನೂನಾಯಿತು. ಗದ್ದೆ ಬಂತು. ಆ ವರ್ಷಗಳಲ್ಲಿ ತೀರಿಕೊಂಡವರು ಬರಲಿಲ್ಲ.

ಈ ಸಂದರ್ಭದಲ್ಲಿ ನಮ್ಮ ಸಮುದಾಯದ ಭಾಷಣಕಾರರು ಮಾಡುವ ಒಂದು ಕೆಲಸವಿದೆ. ನಾವೂ ಮಾಡಿದ್ದೇವೆ. ಹೆಸರುಗಳ ಪಟ್ಟಿ ಓದುವುದು. 1930ರ ಏಪ್ರಿಲ್ 23ರಂದು, ಅಂದರೆ ಅಂಕೋಲೆಯಲ್ಲಿ ಉಪ್ಪು ಕಾಯಿಸಿದ ಹತ್ತು ದಿನಗಳಿಗೆ, ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರ ಬಂಧನವನ್ನು ವಿರೋಧಿಸಿದ ನಿಶ್ಶಸ್ತ್ರ ಪಠಾಣರ ಮೇಲೆ ಗುಂಡಿನ ಮಳೆ ಸುರಿಯಿತು. ದಾಂಡಿಯ ನಂತರ ಗಾಂಧೀಜಿ ಬಂಧಿತರಾದಾಗ ಧರಾಸಣಾದ ಉಪ್ಪಿನ ಆಗರಕ್ಕೆ ಹೊರಟ ತಂಡದ ನಾಯಕತ್ವ ವಹಿಸಿದವರು 76 ವರ್ಷದ ಅಬ್ಬಾಸ್ ತಯ್ಯಬ್‌ಜಿ. ಬರೋಡಾದ ನ್ಯಾಯಾಧೀಶರಾಗಿದ್ದ ಶ್ರೀಮಂತ ಮನುಷ್ಯ. ಮೇ 12ರಂದು ಅವರೂ ಬಂಧಿತರಾದರು. ಮೇ 21ರಂದು ಸರೋಜಿನಿ ನಾಯ್ಡು ಅವರೊಂದಿಗೆ ಅಲ್ಲಿದ್ದವರು ಇಮಾಂ ಸಾಹೇಬ್ ಎಂದೇ ಹೆಸರಾದ ಅಬ್ದುಲ್ ಕಾದಿರ್ ಬಾವಜೀರ್. ಕೈಯೆತ್ತದೆ ಲಾಠಿಯೇಟಿಗೆ ತಲೆಯೊಡ್ಡಿದ ಆ ಸಾಲು ಸಾಲು ಜನರನ್ನು ಕಣ್ಣಾರೆ ಕಂಡು ಜಗತ್ತಿಗೆ ತಿಳಿಸಿದವರು ಅಮೇರಿಕದ ಪತ್ರಕರ್ತ ವೆಬ್ ಮಿಲ್ಲರ್.

ಈ ಹೆಸರುಗಳನ್ನು ಮರೆಯಬಾರದು, ಮಕ್ಕಳಿಗೆ ಹೇಳಬೇಕು. ಆದರೆ ಇವುಗಳನ್ನು ಪ್ರಮಾಣಪತ್ರದಂತೆ ಜೇಬಿನಲ್ಲಿಟ್ಟುಕೊಂಡು, ಯಾರೋ ಕೇಳಿದಾಗಲೆಲ್ಲ ತೆಗೆದು ತೋರಿಸುವುದು ಆ ಹಿರಿಯರಿಗೆ ಮಾಡುವ ಗೌರವವಲ್ಲ. ಪೇಶಾವರದಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಆ ಪಠಾಣರ ಮೇಲೆ ಗುಂಡು ಹಾರಿಸಲು ಗಡ್ವಾಲಿ ಪಡೆಯ ಹಿಂದೂ ಸೈನಿಕರು ನಿರಾಕರಿಸಿದರು. ಅವರ ಮುಂದಾಳು ಚಂದ್ರಸಿಂಗ್ ಗಡ್ವಾಲಿಯವರಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಕ್ಷಣದಲ್ಲಿ ಯಾರು ಯಾರಿಗೆ ಪ್ರಮಾಣಪತ್ರ ಕೊಟ್ಟರು? ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ.

ಸ್ವಾತಂತ್ರ್ಯಪೂರ್ವದ ಹೋರಾಟದ ಕತೆಯನ್ನು ಕೇಳಿ ಇಲ್ಲಿನ ಎಲ್ಲ ರೈತರೂ ಭೂಮಿಯ ಒಡೆಯರಾಗಿದ್ದರೆಂದು ಭಾವಿಸಬೇಡಿ. ಗೇಣಿದಾರರ ಪಾಡು ಬೇರೆಯೇ ಇತ್ತು. ಜಪ್ತಿ ಮಾಡಲು ಅವರ ಬಳಿ ಗದ್ದೆಯೇ ಇರಲಿಲ್ಲ. ಅವರ ಪರ ನಿಂತವರು ಇದೇ ಅಂಕೋಲೆಯ ದಿನಕರ ದೇಸಾಯಿ. ನಾಡಿಗೆಲ್ಲ ಅವರು ಚುಟುಕು ಕವಿ. ಈ ಜಿಲ್ಲೆಗೆ ಅವರು ರೈತಕೂಟ ಕಟ್ಟಿದವರು. ಆ ಕಾರಣಕ್ಕೆ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಲಾಯಿತು. ಐದು ವರ್ಷ ಸ್ವಂತ ಊರಿಗೆ ಕಾಲಿಡುವಂತಿರಲಿಲ್ಲ. ಹುಟ್ಟಿದ ಮಣ್ಣಿನಿಂದ ಹೊರಹಾಕಲ್ಪಟ್ಟ ಮನುಷ್ಯ ಹಿಂದಿರುಗಿ ಮಾಡಿದ್ದೇನು? 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯುದ್ದಕ್ಕೂ ಶಾಲೆಗಳನ್ನು ತೆರೆದರು. ಹಾಲಕ್ಕಿಗಳ, ಮೀನುಗಾರರ, ಗೇಣಿದಾರರ ಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದು ಹೀಗೆ. ನಮ್ಮ ಮಕ್ಕಳೂ ಅದೇ ಬೆಂಚುಗಳ ಮೇಲೆ ಕುಳಿತು ಕಲಿತರು. ಅಲ್ಲಿ ಕಲಿತ ನಾವು, ಆ ಊರಿಗೆ ತಿರುಗಿ ಎಷ್ಟು ಕೊಟ್ಟೆವು? ದುಬೈಯಿಂದ ಹಣ ತಂದು ಮನೆ ಕಟ್ಟಿದೆವು, ಮದುವೆ ಮಂಟಪಕ್ಕೆ ದೀಪಾಲಂಕಾರ ಮಾಡಿದೆವು. ಗ್ರಾಮಸಭೆಗೆ ಹೋಗಿ ಕುಳಿತವರು ನಮ್ಮಲ್ಲಿ ಎಷ್ಟು ಮಂದಿ? ನಮ್ಮನ್ನು ಅನುಮಾನಿಸುವವರ ಬಗ್ಗೆ ದೂರುವ ನಾವು ನಮ್ಮ ನೆರೆಯವನ ಗದ್ದೆಗೆ ಉಪ್ಪುನೀರು ನುಗ್ಗಿದಾಗ ಗಜನಿ ಕಟ್ಟೆಯ ಮೇಲೆ ಹೋಗಿ ನಿಂತದ್ದುಂಟೇ? ಕಹಿಯಾದ ಪ್ರಶ್ನೆ, ಆದರೆ ಈ ಪ್ರಶ್ನೆಯನ್ನು ನಮಗೆ ಹೊರಗಿನವರು ಕೇಳುವ ಮೊದಲು ನಾವೇ ಕೇಳಿಕೊಳ್ಳುವುದು ಮರ್ಯಾದೆ.

ದೇಶಕ್ಕಾಗಿ ನೆಲ ಬಿಟ್ಟುಕೊಡುವ ಸರದಿ ಈ ಕರಾವಳಿಗೆ ಇನ್ನೊಮ್ಮೆ ಬಂತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಲಾಯಿತು. ಕಾರವಾರ-ಅಂಕೋಲೆ ತಾಲೂಕುಗಳ ಹದಿಮೂರು ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. 2005ರ ಮೇ 31ರಂದು ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿತು. ಅರ್ಗಾ, ಬಿಣಗಾ, ಹಾರವಾಡದ ಕಡೆಯ ಮೀನುಗಾರ 'ದೇಶದ ರಕ್ಷಣೆಗೆ' ಎಂದಾಗ ದೋಣಿ ಎಳೆಯುವ ದಂಡೆಯನ್ನೇ ಬಿಟ್ಟು ಎದ್ದ. ಪರಿಹಾರ ಹೆಚ್ಚಿಸಲು ಆತ ಕೋರ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕಾಯಿತು. ಕೆಲವರ ಕಡತ ಇತ್ಯರ್ಥವಾಗುವ ಹೊತ್ತಿಗೆ ಅರ್ಜಿ ಹಾಕಿದವರೇ ಇರಲಿಲ್ಲ. ಈ ಜನರ ದೇಶಪ್ರೇಮವನ್ನು ಯಾರಾದರೂ ಪರೀಕ್ಷಿಸುವ ಧೈರ್ಯ ಮಾಡುತ್ತಾರೆಯೇ? ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಪರೀಕ್ಷೆಗೆ ಕೂರಬೇಕಾದದ್ದು ದೇಶ. ಬ್ರಿಟಿಷರು ಕಿತ್ತುಕೊಂಡ ಗದ್ದೆಯನ್ನು ಮರಳಿಸಲು ಒಂದು ಪ್ರಾಂತ ಸರಕಾರಕ್ಕೆ ಆರೇಳು ವರ್ಷ ಸಾಕಾಯಿತು. ಸ್ವತಂತ್ರ ಭಾರತಕ್ಕೆ ತನ್ನದೇ ಪ್ರಜೆಯ ಲೆಕ್ಕ ಚುಕ್ತಾ ಮಾಡಲು ದಶಕಗಳು ಬೇಕಾದವು. ಇದನ್ನು ಹೇಳುವುದು ದೇಶದ್ರೋಹವೆನ್ನುವವರಿದ್ದರೆ, 1930ರಲ್ಲಿ ಕಂದಾಯ ಕೊಡುವುದಿಲ್ಲ ಎಂದವರನ್ನೂ ಆಗಿನ ಸರಕಾರ ಅದೇ ಹೆಸರಿನಿಂದ ಕರೆದಿತ್ತು ಎಂಬುದನ್ನು ಅವರಿಗೆ ನೆನಪಿಸಬೇಕು.

ಕೊನೆಯದಾಗಿ, ನಾವೆಲ್ಲರೂ ಕಂಡ ಒಂದು ಸಂಗತಿ. 2024ರ ಜುಲೈ 16ರ ಬೆಳಗ್ಗೆ ಇದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಹೆದ್ದಾರಿ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ವಾಹನಗಳು ಗಂಗಾವಳಿ ಪಾಲಾದವು. ನದಿಯಾಚೆಯ ಉಳುವರೆಯಲ್ಲೂ ಮನೆಗಳು ನೆಲಸಮವಾದವು. ಹನ್ನೊಂದು ಮಂದಿಯನ್ನು ಕಳೆದುಕೊಂಡೆವು. ಅವರಲ್ಲಿ ಒಬ್ಬ ಕೇರಳದ ಕೋಝಿಕ್ಕೋಡಿನ ಲಾರಿ ಚಾಲಕ. ಚಾಲಕ ಹಿಂದೂ, ಲಾರಿಯ ಮಾಲೀಕ ಮುಸ್ಲಿಂ. ಆ ಮಾಲೀಕ ಊರು ಬಿಟ್ಟು ಬಂದು ಈ ದಂಡೆಯಲ್ಲೇ ಬಿಡಾರ ಹೂಡಿದ. ಮಳೆ, ನದಿಯ ಸೆಳವು, ಕಾರ್ಯಾಚರಣೆ ನಿಂತಿತೆಂಬ ಸುದ್ದಿ, ಮತ್ತೆ ಆರಂಭವಾಯಿತೆಂಬ ಸುದ್ದಿ. ಸೈನಿಕರು, ನೌಕಾಪಡೆಯ ಮುಳುಗುಗಾರರು, ಮಲ್ಪೆಯಿಂದ ತಾವಾಗಿಯೇ ಬಂದ ಮುಳುಗುಗಾರರು, ದಂಡೆಯಲ್ಲಿ ಅನ್ನ ಬೇಯಿಸಿ ಬಡಿಸಿದ ಸ್ಥಳೀಯರು ಎಲ್ಲರೂ ಅಲ್ಲಿದ್ದರು. ಗೋವೆಯಿಂದ ಹೂಳೆತ್ತುವ ಯಂತ್ರ ಬಂದು, ಸೆಪ್ಟೆಂಬರ್ 25ರಂದು, ಎಪ್ಪತ್ತೊಂದು ದಿನಗಳ ನಂತರ, ಲಾರಿ ಮೇಲೆ ಬಂತು. ಕ್ಯಾಬಿನ್‌ನಲ್ಲಿ ಚಾಲಕನ ದೇಹವಿತ್ತು. ಬದುಕಿದ್ದಾನೆಂಬ ಆಸೆ ಎಂದೋ ಮುಗಿದಿತ್ತು. ಆದರೂ ತಾಯಿಯ ಬಳಿಗೆ ಮಗನ ದೇಹವನ್ನಾದರೂ ತಲುಪಿಸಬೇಕೆಂದು ಜನ ಕಾದರು.

ಈ ಭಾಗದ ಇಬ್ಬರು ಮಾತ್ರ ಆಗ ಸಿಗಲಿಲ್ಲ. ಕ್ಯಾಮೆರಾಗಳು ಹೋದ ಮೇಲೆ ಆ ಎರಡು ಮನೆಗಳ ಸುದ್ದಿ ಯಾರಿಗೂ ಬೇಕಾಗಿಲ್ಲ. ಈ ಸಭೆ ಮುಗಿದ ಮೇಲೆ ನಾವು ಕೆಲವರು ಅಲ್ಲಿಗೆ ಹೋಗಿಬರುವವರಿದ್ದೇವೆ, ಬರುವವರು ಬರಬಹುದು.

ಆ ಯುವಕ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಮುಂದಿನ ತಿಂಗಳು ಅವನ ಪ್ರಯಾಣ. ಮಗಾ, ಎಷ್ಟು ಜೋರಾಗಿ ಕೂಗಬೇಕೆಂದು ಕೇಳಿದೆಯಲ್ಲ, ಹರಾಜಿನ ದಿನ ಕಣಗಿಲದ ರೈತ ಏನನ್ನೂ ಕೂಗಲಿಲ್ಲ. ನೀನು ಹೊರಡುವುದಕ್ಕೆ ಇನ್ನೂ ಮೂರು ವಾರಗಳಿವೆ. ಈ ಸುತ್ತಿನ ಹಳೆಯ ಮನೆಗಳಲ್ಲಿ ಜಪ್ತಿಯ ನೋಟೀಸು, ಹರಾಜಿನ ಕಾಗದ, ಗದ್ದೆ ಮರಳಿ ಬಂದ ಆದೇಶಗಳು ಪೆಟ್ಟಿಗೆಯ ತಳದಲ್ಲಿ ಗೆದ್ದಲಿಗೆ ಆಹಾರವಾಗುತ್ತಿರಬಹುದು. ನಿನ್ನ ಮೊಬೈಲಿನಲ್ಲಿ ಒಳ್ಳೆಯ ಕ್ಯಾಮೆರಾ ಇದೆ. ನಾಲ್ಕು ಮನೆಗೆ ಹೋಗು, ಹಿರಿಯರನ್ನು ಕೇಳು, ಚಿತ್ರ ತೆಗೆದು ಇಲ್ಲಿನ ಗ್ರಂಥಾಲಯಕ್ಕೆ ಕೊಟ್ಟುಹೋಗು. ಬೇಕಾದರೆ ನಾವೂ ಜೊತೆಗೆ ಬರುತ್ತೇವೆ.